ಇಲಿಯ ಹಿಕ್ಕೆಯ ಧೂಳಿನಿಂದ ಶ್ವಾಸಕೋಶಕ್ಕೆ: ಹಂಟಾ ವೈರಸ್ ಕಾಯಿಲೆ ಬರುವ ಬಗೆ

1993ರ ಮೇ ತಿಂಗಳಿನಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ, ತಾನು ಮದುವೆಯಾಗಬೇಕಿದ್ದ ಯುವತಿಯ ಅಂತ್ಯಸಂಸ್ಕಾರಕ್ಕೆ ಹೊರಟಿದ್ದ ನವಾಹೋ ಬುಡಕಟ್ಟಿನ ತರುಣನೊಬ್ಬ ದಾರಿಯಲ್ಲೇ ಉಸಿರಾಡಲಾಗದೆ ಕುಸಿದ. ದೂರದ ಓಟಗಳಲ್ಲಿ ಪಳಗಿದ್ದ, ಯಾವ ಕಾಯಿಲೆಯೂ ಇಲ್ಲದಿದ್ದ ಹುಡುಗ ಅವನು. ಗ್ಯಾಲಪ್ ಪಟ್ಟಣದ ಆಸ್ಪತ್ರೆಗೆ ತರುವ ಹೊತ್ತಿಗೆ ಅವನ ಎರಡೂ ಶ್ವಾಸಕೋಶಗಳಲ್ಲಿ ದ್ರವ ತುಂಬಿಹೋಗಿತ್ತು. ವೈದ್ಯರ ಪ್ರಯತ್ನಗಳು ಫಲಿಸಲಿಲ್ಲ. ಅವನ ಭಾವಿ ಪತ್ನಿಯೂ ಕೆಲವೇ ದಿನಗಳ ಹಿಂದೆ ಇದೇ ರೀತಿ ಉಸಿರಾಟದ ತೊಂದರೆಯಿಂದ ತೀರಿಕೊಂಡಿದ್ದಳು ಎಂಬುದು ಮರಣ ವಿಚಾರಣೆಯ ಅಧಿಕಾರಿಗಳಿಗೆ ಗೊತ್ತಾದಾಗ ಅವರಿಗೆ ಸಂಶಯ ಬಂತು. ಅಲ್ಲಿನ ಮೂಲನಿವಾಸಿಗಳ ಆರೋಗ್ಯ ಸೇವೆಯಲ್ಲಿದ್ದ ವೈದ್ಯ ಬ್ರೂಸ್ ಟೆಂಪೆಸ್ಟ್ ಸುತ್ತಲಿನ ಸಹೋದ್ಯೋಗಿಗಳನ್ನು ವಿಚಾರಿಸಿ, ಆರೋಗ್ಯವಾಗಿದ್ದ ಇನ್ನೂ ಐವರು ಎಳೆಯ ವಯಸ್ಸಿನವರು ಹೀಗೆಯೇ ಉಸಿರಾಟ ನಿಂತು ಸತ್ತಿದ್ದಾರೆಂಬ ಮಾಹಿತಿಯನ್ನು ಕೆಲವೇ ಗಂಟೆಗಳಲ್ಲಿ ಕಲೆಹಾಕಿದರು.

ನ್ಯೂ ಮೆಕ್ಸಿಕೋ, ಅರಿಜೋನಾ, ಕೊಲರಾಡೋ ಮತ್ತು ಯೂಟಾ ಎಂಬ ನಾಲ್ಕು ರಾಜ್ಯಗಳ ಗಡಿಗಳು ಕೂಡುವ, ಒಣಹವೆಯ ಎತ್ತರದ ಪ್ರದೇಶವದು. ಪ್ಲೇಗ್ ಇರಬಹುದೇ, ಹೊಸ ಬಗೆಯ ಫ್ಲೂ ಇರಬಹುದೇ, ಯಾವುದಾದರೂ ಕಳೆನಾಶಕದ ವಿಷವಿರಬಹುದೇ ಎಂದು ಒಂದೊಂದನ್ನೇ ಪರೀಕ್ಷಿಸಿ ತಳ್ಳಿಹಾಕಲಾಯಿತು. ರೋಗಿಗಳ ರಕ್ತದ ಮಾದರಿಗಳನ್ನು ಅಟ್ಲಾಂಟಾದ ರೋಗ ನಿಯಂತ್ರಣ ಕೇಂದ್ರದಲ್ಲಿ, ಆಗ ಗೊತ್ತಿದ್ದ ನಾನಾ ವೈರಸ್‌ಗಳ ವಿರುದ್ಧ ಪರೀಕ್ಷಿಸಿದಾಗ ಯಾರೂ ನಿರೀಕ್ಷಿಸದ ಉತ್ತರ ಸಿಕ್ಕಿತು. ಆ ರಕ್ತದಲ್ಲಿದ್ದ ಪ್ರತಿಕಾಯಗಳು ಹಂಟಾ ವೈರಸ್‌ಗಳ ಗುಂಪನ್ನು ಗುರುತಿಸುತ್ತಿದ್ದವು. ಹಂಟಾ ವೈರಸ್ ವಿಜ್ಞಾನಕ್ಕೆ ಹೊಸದೇನಲ್ಲ. ಕೊರಿಯಾ ಯುದ್ಧದ ಕಾಲದಲ್ಲಿ, ಅಂದರೆ 1951ರಿಂದ 1953ರ ನಡುವೆ, ವಿಶ್ವಸಂಸ್ಥೆಯ ಮೂರು ಸಾವಿರಕ್ಕೂ ಹೆಚ್ಚು ಸೈನಿಕರನ್ನು ರಕ್ತಸ್ರಾವದ ಜ್ವರವೊಂದು ಮಲಗಿಸಿತ್ತು. ಅದಕ್ಕೆ ಕಾರಣವಾದ ವೈರಸ್ಸನ್ನು ಕೊರಿಯಾದ ವಿಜ್ಞಾನಿ ಹೋ ವಾಂಗ್ ಲೀ 1976ರಲ್ಲಿ ಹೊಲದ ಇಲಿಯೊಂದರ ಶ್ವಾಸಕೋಶದಲ್ಲಿ ಪತ್ತೆಹಚ್ಚಿ, ಅಲ್ಲಿನ ಹಂಟಾನ್ ನದಿಯ ಹೆಸರನ್ನೇ ಅದಕ್ಕೆ ಕೊಟ್ಟಿದ್ದರು. ಆದರೆ ಏಷ್ಯಾ ಮತ್ತು ಯುರೋಪಿನ ಆ ಕಾಯಿಲೆ ಮುಖ್ಯವಾಗಿ ಮೂತ್ರಪಿಂಡವನ್ನು ಕೆಡಿಸುತ್ತಿತ್ತು. ಅದೇ ಕುಲದ ವೈರಸ್ಸೊಂದು ಅಮೆರಿಕದಲ್ಲಿ ಶ್ವಾಸಕೋಶವನ್ನು ಹಿಡಿದು ಕೆಲವೇ ದಿನಗಳಲ್ಲಿ ಕೊಲ್ಲುತ್ತದೆಂದು ಯಾರೂ ಊಹಿಸಿರಲಿಲ್ಲ. ಈ ಕಾಯಿಲೆಯನ್ನು ಈಗ ಹಂಟಾ ವೈರಸ್ ಶ್ವಾಸಕೋಶದ ಸಿಂಡ್ರೋಮ್ ಎಂದು ಕರೆಯುತ್ತಾರೆ.

ಹಂಟಾ ವೈರಸ್ ಎಂದು ಗೊತ್ತಾದೊಡನೆ ಇಲಿಗಳನ್ನು ಹುಡುಕಬೇಕೆಂಬುದೂ ಸ್ಪಷ್ಟವಾಯಿತು. ಆ ಬೇಸಿಗೆಯಲ್ಲಿ ರೋಗಿಗಳ ಮನೆಯ ಒಳಗೂ ಹೊರಗೂ ಬೋನುಗಳನ್ನಿಟ್ಟು ಸುಮಾರು 1,700 ದಂಶಕ ಪ್ರಾಣಿಗಳನ್ನು ಹಿಡಿದು ಪರೀಕ್ಷಿಸಲಾಯಿತು. ಬಿದ್ದವುಗಳಲ್ಲಿ ಹೆಚ್ಚಿನವು ಡಿಯರ್ ಮೌಸ್ ಎಂದು ಕರೆಯುವ ಪುಟ್ಟ ಕಾಡಿಲಿಗಳು; ಅವುಗಳಲ್ಲಿ ಶೇಕಡಾ 30ರಷ್ಟರಲ್ಲಿ ಸೋಂಕಿನ ಕುರುಹು ಸಿಕ್ಕಿತು. ದೊಡ್ಡ ಕಣ್ಣು, ಅಗಲವಾದ ಕಿವಿ, ಬೆನ್ನು ಕಂದು, ಹೊಟ್ಟೆ ಅಚ್ಚ ಬಿಳುಪು, ಬಾಲವೂ ಮೇಲೆ ಕಪ್ಪು ಕೆಳಗೆ ಬಿಳಿ: ನೋಡಲು ಮುದ್ದಾದ ಪ್ರಾಣಿಯಿದು. ಉತ್ತರ ಅಮೆರಿಕದ ಬಹುಭಾಗದಲ್ಲಿ, ಹುಲ್ಲುಗಾವಲಿನಿಂದ ಬೆಟ್ಟದ ಕಾಡಿನವರೆಗೆ ಇದು ವಾಸಿಸುತ್ತದೆ. ವೈರಸ್ ಅದರ ದೇಹದಲ್ಲಿ ದೀರ್ಘಕಾಲ ಇದ್ದರೂ ಅದಕ್ಕೆ ಕಾಯಿಲೆಯೇನೂ ಆಗುವುದಿಲ್ಲ. ಗಂಡಿಲಿಗಳು ಪರಸ್ಪರ ಕಾದಾಡಿ ಕಚ್ಚಿಕೊಳ್ಳುವಾಗ ಒಂದರಿಂದ ಇನ್ನೊಂದಕ್ಕೆ ದಾಟಿಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ಓಡಾಡುವ ಸಾಮಾನ್ಯ ಮನೆಯಿಲಿ ಈ ವೈರಸ್ಸಿನ ವಾಹಕವಲ್ಲ.

ಹಾಗಾದರೆ 1993ರಲ್ಲೇ ಇದು ಏಕೆ ಕಾಣಿಸಿಕೊಂಡಿತು? ಇದಕ್ಕೆ ಉತ್ತರ ದೊರೆತದ್ದು ಪರಿಸರ ವಿಜ್ಞಾನಿಗಳಿಂದ. ಆ ಪ್ರದೇಶದಲ್ಲಿ ಕೆಲವು ವರ್ಷ ಬರಗಾಲವಿದ್ದು, ಪೆಸಿಫಿಕ್ ಸಾಗರದ ನೀರು ಬೆಚ್ಚಗಾಗಿ ಹವಾಮಾನವನ್ನು ಬದಲಿಸುವ ಎಲ್ ನಿನೋ ಪ್ರಭಾವದಿಂದ 1992ರ ಕೊನೆ ಮತ್ತು 1993ರ ಆರಂಭದಲ್ಲಿ ಹಿಮ ಮತ್ತು ಮಳೆ ಹೇರಳವಾಗಿ ಬಿದ್ದವು. ಹುಲ್ಲು ಬೆಳೆಯಿತು, ಮಿಡತೆಗಳು ಹೆಚ್ಚಿದವು, ಪಿನ್ಯೋನ್ ಎಂಬ ಪೈನ್ ಜಾತಿಯ ಮರಗಳು ಬೀಜಗಳನ್ನು ತುಂಬಿಕೊಂಡವು. ತಿನ್ನಲು ಬೇಕಾದಷ್ಟು ಸಿಕ್ಕಿದ್ದರಿಂದ, 1992ರ ಮೇ ತಿಂಗಳಿಗೆ ಹೋಲಿಸಿದರೆ 1993ರ ಮೇ ಹೊತ್ತಿಗೆ ಇಲಿಗಳ ಸಂಖ್ಯೆ ಹತ್ತು ಪಟ್ಟಾಗಿತ್ತು. ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಸಂಶೋಧಕರು ತಮ್ಮ ಕೆಲಸಕ್ಕಾಗಿ ವರ್ಷಗಳಿಂದ ಇಲಿಗಳನ್ನು ಎಣಿಸುತ್ತಾ, ಅವುಗಳ ಅಂಗಾಂಶಗಳನ್ನು ಸಂಗ್ರಹಾಲಯದಲ್ಲಿ ಶೈತ್ಯದಲ್ಲಿಟ್ಟು ಕಾಪಾಡುತ್ತಾ ಬಂದಿದ್ದರು. ತಕ್ಷಣದ ಉಪಯೋಗ ಯಾವುದೂ ಕಾಣದ ಇಂಥ ತಾಳ್ಮೆಯ ಕೆಲಸಕ್ಕೆ ಸಮಾಜ ಹಣ ಕೊಡಬೇಕೇ ಎಂಬ ಪ್ರಶ್ನೆ ಆಗಾಗ ಏಳುತ್ತದೆ. ಕೊಡಬೇಕೆಂದು ನಾನು ದೃಢವಾಗಿ ನಂಬುವುದಕ್ಕೆ ಈ ಪ್ರಸಂಗವೂ ಒಂದು ಕಾರಣ. ಹಳೆಯ ಆ ಮಾದರಿಗಳನ್ನು ತೆಗೆದು ಪರೀಕ್ಷಿಸಿದಾಗ, ವೈರಸ್ ಅಲ್ಲಿನ ಇಲಿಗಳಲ್ಲಿ 1993ಕ್ಕಿಂತ ಬಹಳ ಮೊದಲೇ ಇತ್ತೆಂದು ಖಚಿತವಾಯಿತು. ಮನುಷ್ಯರ ಹಳೆಯ ಮಾದರಿಗಳನ್ನೂ ಹೀಗೆಯೇ ಪರೀಕ್ಷಿಸಲಾಗಿ, 1959ರಲ್ಲಿ ಯೂಟಾದ ವ್ಯಕ್ತಿಯೊಬ್ಬರಿಗೆ ಇದೇ ಸೋಂಕು ತಗುಲಿದ್ದುದು ತಿಳಿಯಿತು. ಹೊಸದೆಂದು ಕಂಡ ಕಾಯಿಲೆ ಹಳೆಯದೇ ಆಗಿತ್ತು. ಬಿಡಿಬಿಡಿಯಾಗಿ ಸಂಭವಿಸುತ್ತಿದ್ದ ಸಾವುಗಳನ್ನು ಯಾರೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ, ಅಷ್ಟೆ.

ನವಾಹೋ ಹಿರಿಯರಿಗೆ ಮಾತ್ರ ಈ ಸಂಬಂಧ ಮೊದಲೇ ಗೊತ್ತಿತ್ತು. ಪಿನ್ಯೋನ್ ಬೀಜ ಹೆಚ್ಚಾದ ವರ್ಷ ಇಲಿಗಳು ಹೆಚ್ಚುತ್ತವೆ, ಆಗ ಕಾಯಿಲೆ ಬರುತ್ತದೆ ಎಂದು ಅವರು ತನಿಖಾಧಿಕಾರಿಗಳಿಗೆ ಹೇಳಿದರು; 1918ರಲ್ಲಿಯೂ 1933ರ ಸುಮಾರಿನಲ್ಲಿಯೂ ಹೀಗಾಗಿದ್ದ ನೆನಪು ಅವರಲ್ಲಿತ್ತು. ಇಲಿಯನ್ನು ಮನೆಯೊಳಗೆ ಬಿಟ್ಟುಕೊಳ್ಳಬಾರದು, ಆಹಾರವನ್ನು ಅದಕ್ಕೆ ಸಿಗದಂತೆ ಇಡಬೇಕು, ಇಲಿ ಮುಟ್ಟಿದ ಬಟ್ಟೆಯನ್ನು ಸುಟ್ಟುಬಿಡಬೇಕು ಎಂಬ ಕಟ್ಟುಪಾಡುಗಳು ಅವರ ಸಂಪ್ರದಾಯದಲ್ಲಿಯೇ ಇದ್ದು, ಅವು ಮುಂದೆ ಸರ್ಕಾರ ಪ್ರಕಟಿಸಿದ ಸಲಹೆಗಳಿಗೆ ಬಹುಮಟ್ಟಿಗೆ ಹೊಂದುತ್ತಿದ್ದವು. ಇಷ್ಟೆಲ್ಲ ತಿಳಿವಳಿಕೆಯುಳ್ಳ ಆ ಜನರಿಗೆ ಸಿಕ್ಕ ಪ್ರತಿಫಲ ಅವಮಾನ. ಪತ್ರಿಕೆಗಳು ಇದನ್ನು 'ನವಾಹೋ ಫ್ಲೂ' ಎಂದು ಕರೆದವು. ಶೋಕದಲ್ಲಿದ್ದ ಮನೆಗಳಿಗೆ ಕ್ಯಾಮೆರಾ ಹಿಡಿದು ನುಗ್ಗಿದವರಿದ್ದರು. ಕ್ಯಾಲಿಫೋರ್ನಿಯಾದ ಶಾಲೆಯೊಂದಕ್ಕೆ ಅತಿಥಿಗಳಾಗಿ ಹೊರಟಿದ್ದ ನವಾಹೋ ಮಕ್ಕಳಿಗೆ ಬರಬೇಡಿರೆಂದು ತಿಳಿಸಲಾಯಿತು. ವೈರಸ್ಸಿಗೆ ಅಲ್ಲಿನ ಕಣಿವೆಯೊಂದರ ಹೆಸರಿಡುವ ಯೋಚನೆಗೆ ಸ್ಥಳೀಯರು ವಿರೋಧಿಸಿದ ಮೇಲೆಯೇ, ಯಾವ ಊರನ್ನೂ ಸೂಚಿಸದ, ಸ್ಪ್ಯಾನಿಷ್ ಭಾಷೆಯಲ್ಲಿ 'ಹೆಸರಿಲ್ಲದ್ದು' ಎಂಬರ್ಥದ 'ಸಿನ್ ನೊಂಬ್ರೆ' ಎಂಬ ಹೆಸರು ಗಟ್ಟಿಯಾದದ್ದು. ಕಾಯಿಲೆ ಯಾವ ಜನಾಂಗವನ್ನೂ ಹುಡುಕಿಕೊಂಡು ಬರುವಂಥದ್ದಲ್ಲ. ಇಲಿಗಳು ಸೇರಿದ ಮುಚ್ಚಿದ ಜಾಗದಲ್ಲಿ ಉಸಿರಾಡಿದ ಯಾರಿಗೂ ಬರಬಹುದಾದದ್ದು.

ಸೋಂಕು ತಗುಲುವ ಬಗೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ಸೋಂಕಿತ ಇಲಿಯ ಮೂತ್ರ, ಹಿಕ್ಕೆ ಮತ್ತು ಜೊಲ್ಲಿನಲ್ಲಿ ವೈರಸ್ ಇರುತ್ತದೆ. ಅಪರೂಪಕ್ಕೆ ಇಲಿ ಕಚ್ಚಿದಾಗಲೂ, ಹಿಕ್ಕೆ ತಾಗಿದ ಕೈಯನ್ನು ಮೂಗು ಬಾಯಿಗೆ ಮುಟ್ಟಿಸಿಕೊಂಡಾಗಲೂ ಸೋಂಕು ಬರಬಹುದು. ಆದರೆ ಬಹುಪಾಲು ಸೋಂಕುಗಳಿಗೆ ದಾರಿ ಗಾಳಿಯೇ. ಚಳಿಗಾಲವೆಲ್ಲ ಬೀಗ ಹಾಕಿದ್ದ ಮರದ ಕೋಣೆಯೊಂದನ್ನು ಊಹಿಸಿಕೊಳ್ಳಿ. ಕಪಾಟಿನ ಹಿಂದೆ ಹತ್ತಿ, ಕಾಗದದ ಚೂರು, ಒಣಹುಲ್ಲು ಸೇರಿಸಿ ಕಟ್ಟಿದ ಇಲಿಗೂಡು. ನೆಲದ ಮೂಲೆಯಲ್ಲಿ ಜೀರಿಗೆಗಿಂತ ತುಸು ದಪ್ಪನೆಯ ಕಪ್ಪು ಹಿಕ್ಕೆಗಳು. ಹಳೆಯ ಹಾಸಿಗೆಯ ಮೇಲೆ ಒಣಗಿದ ಮೂತ್ರದ ಕಲೆ. ಯಜಮಾನ ಬಂದು ಬಾಗಿಲು ತೆರೆದು, ಕಿಟಕಿಯನ್ನೂ ತೆಗೆಯದೆ, ಮೊದಲು ಮಾಡುವ ಕೆಲಸ ಪೊರಕೆ ಹಿಡಿಯುವುದು. ಒಣಗಿ ಪುಡಿಯಾದ ಹಿಕ್ಕೆ ಮತ್ತು ಮೂತ್ರದ ಸೂಕ್ಷ್ಮ ಕಣಗಳು ಧೂಳಿನೊಡನೆ ಮೇಲೆದ್ದು ಆ ಇಕ್ಕಟ್ಟಿನ ಗಾಳಿಯಲ್ಲಿ ತೇಲುತ್ತವೆ, ಗುಡಿಸುವವರ ಉಸಿರಿನೊಡನೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಇಲಿಯನ್ನು ಕಣ್ಣಾರೆ ನೋಡಿರಲೇಬೇಕೆಂದಿಲ್ಲ. ರೋಗಿಗಳಲ್ಲಿ ಎಷ್ಟೋ ಜನರಿಗೆ ತಾವು ಇಲಿಯ ಸಂಪರ್ಕಕ್ಕೆ ಬಂದಿದ್ದೇವೆಂಬುದೇ ಗೊತ್ತಿರುವುದಿಲ್ಲ.

ಹೀಗೆ ಒಳಹೋದ ವೈರಸ್ ಒಂದರಿಂದ ಎಂಟು ವಾರಗಳವರೆಗೆ ಯಾವ ಸುಳಿವನ್ನೂ ಕೊಡುವುದಿಲ್ಲ. ಅನಂತರ ಜ್ವರ, ಮೈಯೆಲ್ಲ ಸುಸ್ತು, ತೊಡೆ, ಸೊಂಟ ಮತ್ತು ಬೆನ್ನಿನ ದೊಡ್ಡ ಸ್ನಾಯುಗಳಲ್ಲಿ ತೀವ್ರ ನೋವು ಕಾಣಿಸಿಕೊಳ್ಳುತ್ತವೆ. ತಲೆನೋವು, ವಾಕರಿಕೆ, ವಾಂತಿ, ಹೊಟ್ಟೆನೋವು ಜೊತೆಗೂಡಬಹುದು. ಮೂಗು ಸುರಿಯುವುದು, ಗಂಟಲು ಕೆರೆತ ಸಾಮಾನ್ಯವಾಗಿ ಇರುವುದಿಲ್ಲ. ಈ ಹಂತದಲ್ಲಿ ಕೆಮ್ಮೂ ಇರುವುದಿಲ್ಲ. ಯಾರು ನೋಡಿದರೂ ವೈರಲ್ ಜ್ವರವೆಂದೇ ಭಾವಿಸಿ ಮಾತ್ರೆ ಕೊಟ್ಟು ಮನೆಗೆ ಕಳುಹಿಸುವಂಥ ಸ್ಥಿತಿಯದು. ನಾಲ್ಕರಿಂದ ಹತ್ತು ದಿನಗಳು ಹೀಗೆ ಕಳೆದ ಮೇಲೆ ಒಣಕೆಮ್ಮು ಮತ್ತು ಏದುಸಿರು ಶುರುವಾಗುತ್ತವೆ. ಅಲ್ಲಿಂದ ಮುಂದೆ ಲೆಕ್ಕ ಗಂಟೆಗಳದ್ದು. ಬೆಳಿಗ್ಗೆ ನಡೆದುಕೊಂಡು ಆಸ್ಪತ್ರೆಗೆ ಬಂದ ವ್ಯಕ್ತಿಗೆ ರಾತ್ರಿಯೊಳಗೆ ವೆಂಟಿಲೇಟರ್ ಬೇಕಾಗಬಹುದು.

ಇದಕ್ಕೆ ಕಾರಣವೇನು? ಹಂಟಾ ವೈರಸ್ ನೆಲೆಸುವುದು ರಕ್ತನಾಳಗಳ ಒಳಗೋಡೆಗೆ ಹಾಸಿಕೊಂಡಿರುವ ತೆಳುವಾದ ಜೀವಕೋಶಗಳ ಪದರದಲ್ಲಿ. ಅದು ಆ ಕೋಶಗಳನ್ನು ನೇರವಾಗಿ ಸಾಯಿಸುವುದಿಲ್ಲ. ಅದರ ಇರವನ್ನು ಗ್ರಹಿಸಿದ ರೋಗನಿರೋಧಕ ವ್ಯವಸ್ಥೆ ತನ್ನ ಬಿಳಿರಕ್ತಕಣಗಳನ್ನು ಅಲ್ಲಿಗೆ ದಂಡಿಯಾಗಿ ಕಳುಹಿಸುತ್ತದೆ. ಅವು ಬಿಡುಗಡೆ ಮಾಡುವ ರಾಸಾಯನಿಕಗಳ ಪ್ರಭಾವದಿಂದಲೂ, ವೈರಸ್ಸಿನ ಹಿಡಿತದಿಂದಲೂ ಕೋಶಗಳ ನಡುವಿನ ಬಿಗಿ ಸಡಿಲವಾಗಿ, ಶ್ವಾಸಕೋಶದ ಅತಿ ಸಣ್ಣ ರಕ್ತನಾಳಗಳ ಗೋಡೆ ಜರಡಿಯಂತಾಗುತ್ತದೆ. ರಕ್ತದ ನೀರಿನಂಶ ಸೋರಿ ಗಾಳಿಚೀಲಗಳನ್ನು ತುಂಬುತ್ತದೆ, ಆಮ್ಲಜನಕಕ್ಕೆ ರಕ್ತ ಸೇರುವ ದಾರಿ ಮುಚ್ಚಿಹೋಗುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬುವುದು ಸಾಮಾನ್ಯವಾಗಿ ಹೃದಯ ಸೋತಾಗ. ಇಲ್ಲಿ ಹಾಗಲ್ಲ, ಸೋರಿಕೆಯೇ ಮೊದಲು. ಅದರ ಬೆನ್ನಿಗೇ ಹೃದಯದ ಸ್ನಾಯುವೂ ದುರ್ಬಲವಾಗಿ ರಕ್ತದೊತ್ತಡ ಕುಸಿಯುತ್ತದೆ. ಈ ಕಾಯಿಲೆಯಲ್ಲಿ ಅನೇಕರ ಸಾವಿಗೆ ಕೊನೆಯ ಕಾರಣ ಹೃದಯ ಕೈಕೊಡುವುದೇ ಆಗಿರುತ್ತದೆ.

ನೀರಿನಂಶ ಸೋರಿಹೋಗುವುದರಿಂದ ಉಳಿದ ರಕ್ತ ಗಟ್ಟಿಯಾಗುತ್ತದೆ. ಪ್ಲೇಟ್‌ಲೆಟ್ ಎಣಿಕೆ ಇಳಿಯುತ್ತದೆ, ಬಲಿಯದ ಬಿಳಿರಕ್ತಕಣಗಳು ಹೆಚ್ಚುತ್ತವೆ. ಸಾಮಾನ್ಯ ರಕ್ತಪರೀಕ್ಷೆಯಲ್ಲೇ ಕಾಣುವ ಈ ಬದಲಾವಣೆಗಳನ್ನು ಓದಬಲ್ಲ ವೈದ್ಯರು, ನಿರ್ದಿಷ್ಟ ಪ್ರತಿಕಾಯ ಪರೀಕ್ಷೆಯ ಫಲಿತಾಂಶ ಬರುವುದಕ್ಕೆ ಮೊದಲೇ ಅನುಮಾನಪಡಬಲ್ಲರು. ಅನುಮಾನ ಬಂದರೆ ಚಿಕಿತ್ಸೆಯ ದಾರಿ ಬದಲಾಗುತ್ತದೆ ಎಂಬುದೇ ಇಲ್ಲಿ ಮುಖ್ಯ. ರಕ್ತದೊತ್ತಡ ಇಳಿದ ರೋಗಿಗೆ ಡ್ರಿಪ್ ಮೂಲಕ ಧಾರಾಳವಾಗಿ ದ್ರವ ಕೊಡುವುದು ಎಷ್ಟೋ ಕಾಯಿಲೆಗಳಲ್ಲಿ ಸರಿಯಾದ ಕ್ರಮ. ಹಂಟಾ ಸೋಂಕಿನಲ್ಲಿ ಹಾಗೆ ಕೊಟ್ಟ ದ್ರವ ಸೋರುವ ನಾಳಗಳ ಮೂಲಕ ನೇರವಾಗಿ ಶ್ವಾಸಕೋಶಕ್ಕೇ ಹೋಗಿ ಸೇರುತ್ತದೆ. ಆದ್ದರಿಂದ ದ್ರವವನ್ನು ಅಳೆದು ಕೊಟ್ಟು, ಹೃದಯಕ್ಕೆ ಬಲ ನೀಡುವ ಔಷಧಿಗಳನ್ನು ಬೇಗನೆ ಆರಂಭಿಸುತ್ತಾರೆ. ವೈರಸ್ಸನ್ನು ಕೊಲ್ಲುವ, ಗುಣವುಂಟೆಂದು ಸಿದ್ಧವಾದ ಔಷಧಿ ಈ ಕಾಯಿಲೆಗೆ ಇಲ್ಲ. ಮೂತ್ರಪಿಂಡದ ಬಗೆಯ ಹಂಟಾ ಜ್ವರದಲ್ಲಿ ಬಳಸುವ ರಿಬಾವಿರಿನ್ ಇಲ್ಲಿ ಪ್ರಯೋಜನ ತೋರಲಿಲ್ಲ. ಅತಿ ಗಂಭೀರ ಸ್ಥಿತಿಯಲ್ಲಿ ನೆರವಾಗುವುದು ಎಕ್ಮೋ ಯಂತ್ರ: ರಕ್ತವನ್ನು ದೇಹದಿಂದ ಹೊರತಂದು, ಆಮ್ಲಜನಕ ಬೆರೆಸಿ ಮತ್ತೆ ಒಳಗೆ ಹರಿಸುವ ಮೂಲಕ ಅದು ಹೃದಯ ಮತ್ತು ಶ್ವಾಸಕೋಶಗಳಿಗೆ ಕೆಲವು ದಿನ ಬಿಡುವು ಕೊಡುತ್ತದೆ. ಈ ವಿಧಾನದಲ್ಲಿ ಹೆಚ್ಚು ಅನುಭವ ಗಳಿಸಿದ ಆಲ್ಬುಕರ್ಕಿಯ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ, ಬದುಕುವ ಆಸೆಯೇ ಇಲ್ಲವೆನ್ನಿಸಿದ್ದ ರೋಗಿಗಳಲ್ಲಿ ಸುಮಾರು ಮೂರರಲ್ಲಿ ಇಬ್ಬರು ಇದರಿಂದ ಉಳಿದರು. ಸೋರಿಕೆ ನಿಂತೊಡನೆ ಶ್ವಾಸಕೋಶ ಬೇಗ ತಿಳಿಯಾಗುತ್ತದೆ. ಉಳಿದುಕೊಂಡವರಲ್ಲಿ ಹೆಚ್ಚಿನವರಿಗೆ ಶಾಶ್ವತ ಹಾನಿಯಾಗುವುದಿಲ್ಲ, ಆದರೂ ಸುಸ್ತು ತಿಂಗಳುಗಟ್ಟಲೆ ಇರಬಹುದು.

ಕಾಯಿಲೆ ಎಷ್ಟು ವಿರಳ ಎಂಬುದನ್ನೂ ಹೇಳದಿದ್ದರೆ ಓದುಗರಿಗೆ ಅನ್ಯಾಯವಾಗುತ್ತದೆ. ಅಮೆರಿಕದಲ್ಲಿ 1993ರಿಂದ 2023ರ ಕೊನೆಯವರೆಗೆ ದಾಖಲಾದ ಹಂಟಾ ಪ್ರಕರಣಗಳು 890. ಅವುಗಳಲ್ಲಿ ಬಹುಪಾಲು ಮಿಸಿಸಿಪಿ ನದಿಯ ಪಶ್ಚಿಮದ ರಾಜ್ಯಗಳಲ್ಲಿ. ಆದರೆ ಉಸಿರಾಟದ ಹಂತಕ್ಕೆ ತಲುಪಿದವರಲ್ಲಿ ಮೂರರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿ ಸಾಯುತ್ತಾರೆ. ಹಾಲಿವುಡ್ ನಟ ಜೀನ್ ಹ್ಯಾಕ್‌ಮನ್ ಅವರ ಪತ್ನಿ ಬೆಟ್ಸಿ ಅರಾಕಾವಾ 2025ರ ಫೆಬ್ರವರಿಯಲ್ಲಿ ನ್ಯೂ ಮೆಕ್ಸಿಕೋದ ಸಾಂಟಾ ಫೆಯಲ್ಲಿ ತೀರಿಕೊಂಡದ್ದು ಈ ಕಾಯಿಲೆಯಿಂದಲೇ. ಅವರ ಮನೆಯ ಹೊರಗಿನ ಕಟ್ಟಡಗಳಲ್ಲಿ ಇಲಿಗಳು ಸೇರಿದ್ದ ಗುರುತುಗಳು ಸಿಕ್ಕಿದ್ದವು.

ಸಿನ್ ನೊಂಬ್ರೆ ವೈರಸ್ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಅರ್ಜೆಂಟೀನಾ ಮತ್ತು ಚಿಲಿಯ ದಕ್ಷಿಣ ಭಾಗದಲ್ಲಿರುವ ಅದರ ಬಂಧುವಾದ ಆಂಡೀಸ್ ವೈರಸ್ ಹರಡುತ್ತದೆ. ಹಂಟಾ ವೈರಸ್‌ಗಳಲ್ಲಿ ಹೀಗೆ ಹರಡುವುದಾಗಿ ಖಚಿತವಾಗಿರುವುದು ಅದೊಂದೇ. 2018ರ ನವೆಂಬರಿನಲ್ಲಿ ಅರ್ಜೆಂಟೀನಾದ ಎಪುಯೆನ್ ಎಂಬ ಸಣ್ಣ ಊರಿನಲ್ಲಿ ಜ್ವರ ಬಂದಿದ್ದ ವ್ಯಕ್ತಿಯೊಬ್ಬರು ಹುಟ್ಟುಹಬ್ಬದ ಕೂಟಕ್ಕೆ ಹೋಗಿದ್ದರು. ಅಲ್ಲಿಂದ ಆರಂಭವಾದ ಸರಣಿಯಲ್ಲಿ 34 ಜನರಿಗೆ ಸೋಂಕು ತಗುಲಿ 11 ಮಂದಿ ತೀರಿಕೊಂಡರು. ರೋಗಿಗಳನ್ನೂ ಅವರ ಸಂಪರ್ಕಕ್ಕೆ ಬಂದವರನ್ನೂ ಪ್ರತ್ಯೇಕವಾಗಿ ಇರಿಸಿದ ಮೇಲೆಯೇ 2019ರ ಆರಂಭದಲ್ಲಿ ಅದು ನಿಂತದ್ದು.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ತಿಳಿದಿರಬೇಕಾದ ಪ್ರಸಂಗವೊಂದಿದೆ. ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನ, ಆ ರಾಜ್ಯದಲ್ಲಿ ಕೆಲಸ ಮಾಡುವ ನಮ್ಮವರು ಊರಿನಿಂದ ಬಂದ ಅಪ್ಪ ಅಮ್ಮನನ್ನು ತಪ್ಪದೆ ಕರೆದೊಯ್ಯುವ ಜಾಗ. 2012ರ ಬೇಸಿಗೆಯಲ್ಲಿ ಅಲ್ಲಿಗೆ ಭೇಟಿ ಕೊಟ್ಟ ಹತ್ತು ಮಂದಿಗೆ ಹಂಟಾ ಸೋಂಕು ತಗುಲಿ ಮೂವರು ಸತ್ತರು. ಒಬ್ಬರನ್ನು ಬಿಟ್ಟು ಉಳಿದವರೆಲ್ಲ ತಂಗಿದ್ದು ಕರಿ ವಿಲೇಜ್ ಎಂಬಲ್ಲಿನ, ಚಳಿ ತಡೆಯಲೆಂದು ಎರಡು ಪದರದ ಗೋಡೆ ಕೊಟ್ಟು ಕಟ್ಟಿದ್ದ ಹೊಸ ಬಗೆಯ ಡೇರೆಮನೆಗಳಲ್ಲಿ. ಹೊರಗಿನ ಕ್ಯಾನ್ವಾಸಿಗೂ ಒಳಗಿನ ಹಲಗೆಗೂ ನಡುವೆ ತುಂಬಿದ್ದ ಫೋಮ್‌ನಲ್ಲಿ ಇಲಿಗಳು ಸುರಂಗ ಕೊರೆದು ಗೂಡು ಕಟ್ಟಿಕೊಂಡಿದ್ದವು. ಒಳಗೆ ಮಲಗಿದವರ ತಲೆಯಿಂದ ಅಂಗುಲಗಳ ಅಂತರದಲ್ಲಿ ಅವುಗಳ ಸಂಸಾರ ನಡೆಯುತ್ತಿತ್ತು. ಅಂಥ 91 ಡೇರೆಮನೆಗಳನ್ನೂ ಮುಚ್ಚಲಾಯಿತು. ಅತಿಥಿಗಳ ತಪ್ಪು ಅಲ್ಲಿ ಏನೇನೂ ಇರಲಿಲ್ಲ. ಕಟ್ಟಡದ ವಿನ್ಯಾಸವೇ ಇಲಿಗಳಿಗೆ ಆಶ್ರಯವಾಗಿತ್ತು ಎಂಬುದನ್ನು ಅಲ್ಲಿನ ಆರೋಗ್ಯ ಇಲಾಖೆಯ ತನಿಖೆ ಗುರುತಿಸಿತು.

ವೈರಸ್ ಇಷ್ಟು ಮಾರಕವಾದರೂ ದೇಹದ ಹೊರಗೆ ಅದು ದುರ್ಬಲ. ಅದರ ಹೊರಪೊರೆ ಕೊಬ್ಬಿನದಾದ್ದರಿಂದ ಸೋಪು, ಬ್ಲೀಚ್, ಬಿಸಿಲು ಇವೆಲ್ಲ ಅದನ್ನು ನಾಶಮಾಡುತ್ತವೆ; ನೆರಳಿನ, ತಂಪಾದ ಒಳಾಂಗಣದಲ್ಲಿ ಮಾತ್ರ ಕೆಲವು ದಿನ ಉಳಿಯಬಲ್ಲದು. ಇಲಿ ಸೇರಿದ್ದ ಕೋಣೆಯನ್ನು ಶುಚಿಮಾಡುವ ಕ್ರಮವೂ ಇದರ ಮೇಲೆಯೇ ನಿಂತಿದೆ. ಮೊದಲು ಬಾಗಿಲು ಕಿಟಕಿಗಳನ್ನು ತೆರೆದಿಟ್ಟು ಅರ್ಧ ಗಂಟೆ ಹೊರಗೇ ಇರಬೇಕು. ಒಣಗಿದ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಬಾರದು, ವ್ಯಾಕ್ಯೂಮ್ ಯಂತ್ರವನ್ನೂ ಬಳಸಬಾರದು. ರಬ್ಬರ್ ಕೈಗವಸು ತೊಟ್ಟು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿದ ದ್ರಾವಣವನ್ನು ಹಿಕ್ಕೆ ಮತ್ತು ಗೂಡುಗಳ ಮೇಲೆ ಚೆನ್ನಾಗಿ ತೊಯ್ಯುವಂತೆ ಸಿಂಪಡಿಸಿ, ಐದು ನಿಮಿಷ ಬಿಟ್ಟು, ಕಾಗದದಿಂದ ಒರೆಸಿ ತೆಗೆದು ಚೀಲದಲ್ಲಿ ಕಟ್ಟಿ ಎಸೆಯಬೇಕು. ಅನಂತರ ನೆಲವನ್ನೆಲ್ಲ ಅದೇ ದ್ರಾವಣದಲ್ಲಿ ಒರೆಸಿ, ಕೈಗವಸನ್ನು ತೊಳೆದು ಕಳಚಿ, ಕೈಗಳನ್ನು ಸೋಪಿನಿಂದ ತೊಳೆಯಬೇಕು. ಇಲಿಗಳು ವಿಪರೀತ ತುಂಬಿಕೊಂಡಿರುವ ಕಡೆ ಸಾಮಾನ್ಯ ಬಟ್ಟೆಯ ಮಾಸ್ಕ್ ಸಾಲದು, ಸೂಕ್ಷ್ಮ ಕಣಗಳನ್ನು ತಡೆಯುವ ಮಾಸ್ಕ್ ಬೇಕು. ಆರು ಮಿಲಿಮೀಟರ್ ಅಗಲದ ಸಂದಿಯಲ್ಲೂ ಮರಿಯಿಲಿ ನುಸುಳಬಲ್ಲದಾದ್ದರಿಂದ ಅಂಥ ರಂಧ್ರಗಳನ್ನು ಉಕ್ಕಿನ ನಾರು ತುರುಕಿ ಮುಚ್ಚುವುದು ಮುಂದಿನ ಕೆಲಸ. ಹೀಗೆ ಶುಚಿಮಾಡಿದ ಎರಡು ತಿಂಗಳೊಳಗೆ ಜ್ವರವೂ ಮೈಕೈನೋವೂ ಬಂದರೆ, ಇಲಿಯಿದ್ದ ಜಾಗದಲ್ಲಿ ಕೆಲಸ ಮಾಡಿದ್ದನ್ನು ವೈದ್ಯರಿಗೆ ತಾವಾಗಿಯೇ ಹೇಳಬೇಕು. ಆ ಒಂದು ಮಾತು ಹೊರಬೀಳದೆ ಹೋದುದರಿಂದ ತಡವಾದ ಪ್ರಕರಣಗಳು ಈ ಕಾಯಿಲೆಯ ಇತಿಹಾಸದಲ್ಲಿ ಹಲವು.

ಶ್ವಾಸಕೋಶವನ್ನು ಹಿಡಿಯುವ ಈ ಬಗೆಯ ಹಂಟಾ ಕಾಯಿಲೆ ಅಮೆರಿಕ ಖಂಡಗಳಿಗೆ ಸೇರಿದ್ದು. ಡಿಯರ್ ಮೌಸ್ ಭಾರತದಲ್ಲಿಲ್ಲ. ಆದರೂ ಹಂಟಾ ವೈರಸ್‌ಗಳ ಕುಲಕ್ಕೂ ನಮ್ಮ ಕಡೆಗೂ ಒಂದು ನಂಟಿದೆ. 1964ರಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ಹಿಡಿದ ಸುಂಡಿಲಿಯೊಂದರಲ್ಲಿ ಸಿಕ್ಕ ತೊಟ್ಟಪಾಳಯಂ ವೈರಸ್ ಮುಂದೆ ಹಂಟಾ ಕುಲದ್ದೆಂದು ಗೊತ್ತಾಯಿತು. ಕೊರಿಯಾದ ವೈರಸ್ ಕೈಗೆ ಸಿಗುವುದಕ್ಕೂ ಹನ್ನೆರಡು ವರ್ಷ ಮೊದಲು ಅದು ಪ್ರಯೋಗಾಲಯ ಸೇರಿತ್ತು. ಅದರಿಂದ ಮನುಷ್ಯರಿಗೆ ಕಾಯಿಲೆ ಬರುತ್ತದೆಂಬುದು ಸಾಬೀತಾಗಿಲ್ಲ. ತಮಿಳುನಾಡಿನಲ್ಲಿ ಇಲಿ ಹಿಡಿಯುವ ಇರುಳರಲ್ಲಿಯೂ ಗೋದಾಮಿನ ಕೆಲಸಗಾರರಲ್ಲಿಯೂ ಹಂಟಾ ವೈರಸ್ಸಿನ ವಿರುದ್ಧದ ಪ್ರತಿಕಾಯಗಳು ಕಂಡುಬಂದಿವೆ.

ಕರ್ನಾಟಕದಲ್ಲಿ ಇಲಿ ಜ್ವರವೆಂದು ಕರೆಯುವುದು ಬೇರೆಯದೇ ಕಾಯಿಲೆಯನ್ನು. ಲೆಪ್ಟೋಸ್ಪೈರಾ ಎಂಬ ಬ್ಯಾಕ್ಟೀರಿಯಾದಿಂದ ಬರುವ ಅದು ಇಲಿಯ ಮೂತ್ರ ಬೆರೆತ ನೀರಿನ ಮೂಲಕ, ಕಾಲಿನ ಗಾಯ ಬಿರುಕುಗಳಿಂದ ಒಳಸೇರುತ್ತದೆ. ದಕ್ಷಿಣ ಕನ್ನಡ ಮತ್ತು ಉಡುಪಿಯಲ್ಲಿ ಮಳೆಗಾಲದಲ್ಲಿ ಗದ್ದೆಗಿಳಿಯುವವರಿಗೆ, ಚರಂಡಿ ಶುಚಿಮಾಡುವವರಿಗೆ ಅದು ಪ್ರತಿ ವರ್ಷದ ಅಪಾಯ. ತೀವ್ರವಾದಾಗ ಅದೂ ಶ್ವಾಸಕೋಶದಲ್ಲಿ ರಕ್ತಸ್ರಾವ ಉಂಟುಮಾಡಿ ಕೊಲ್ಲಬಲ್ಲದು. ಅಂಡಮಾನಿನಲ್ಲಿ ಹಾಗೆ ಆದ ಸಾವುಗಳು ದಾಖಲಾಗಿವೆ. ಎರಡರ ನಡುವಿನ ದೊಡ್ಡ ವ್ಯತ್ಯಾಸ ಚಿಕಿತ್ಸೆಯಲ್ಲಿದೆ. ಡಾಕ್ಸಿಸೈಕ್ಲಿನ್, ಪೆನಿಸಿಲಿನ್‌ನಂಥ ಸುಲಭಬೆಲೆಯ ಔಷಧಿಗಳು ಇಲಿ ಜ್ವರದ ಮೇಲೆ ಕೆಲಸ ಮಾಡುತ್ತವೆ. ಆದರೆ ಅವನ್ನು ಜ್ವರದ ಮೊದಲ ದಿನಗಳಲ್ಲೇ ಆರಂಭಿಸಬೇಕಾದ್ದರಿಂದ, ಗದ್ದೆಯಲ್ಲಿ ಕೆಲಸ ಮಾಡಿ ಬಂದ ಮೇಲೆ ಜ್ವರದೊಡನೆ ಮೀನಖಂಡಗಳಲ್ಲಿ ನೋವು ಮತ್ತು ಕಣ್ಣು ಕೆಂಪಾಗುವುದು ಕಂಡರೆ ಕಾಮಾಲೆಯ ಲಕ್ಷಣಕ್ಕಾಗಿ ಕಾಯದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು.